ದಾನಿಯ ಜೊತೆ ಹೋದವನ ರಿವ್ಯೂ: ಬೆಂಗಳೂರಿನ ಒಂದು ಆಸ್ಪತ್ರೆಯ ಸ್ಟೆಮ್ ಸೆಲ್ ವಿಭಾಗ

ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲ ಕಣ, ಅದನ್ನು ತೆಗೆಯುವ ಕೋಣೆಗೆ ಐದಕ್ಕೆ ಐದು. ದಾನಿಯನ್ನು ಕೂರಿಸಿಕೊಂಡು ಮಾತಾಡಿದ ಡಾಕ್ಟರಿಗೂ ಕೋಆರ್ಡಿನೇಟರ್ ಹುಡುಗಿಗೂ ನಾಲ್ಕೂವರೆ. ಬಿಲ್ಲಿಂಗ್ ಕೌಂಟರಿಗೆ ಎರಡು, ಅದೂ ಕೊನೆಗೆ ತಿದ್ದಿ ಕೊಟ್ಟರಲ್ಲ ಅನ್ನುವ ಕಾರಣಕ್ಕೆ. ಅಟೆಂಡರ್ ಪಾಸ್ ಕೊಡುವ ವ್ಯವಸ್ಥೆಗೆ ಸೊನ್ನೆ ಹಾಕಲು ಅವಕಾಶ ಇದ್ದಿದ್ದರೆ ಸೊನ್ನೆಯೇ ಹಾಕುತ್ತಿದ್ದೆ, ಇಲ್ಲಿ ಕನಿಷ್ಠ ಒಂದಾದರೂ ಕೊಡಲೇಬೇಕಂತೆ.

ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ನನ್ನ ಬಾಮೈದ ಇನ್ನೂ ಅಲ್ಲಿಗೇ ಚೆಕಪ್‌ಗೆ ಹೋಗಿ ಬರುತ್ತಿದ್ದಾನೆ, ಅಲ್ಲಿನ ಜನರ ಮುಖ ನಾವು ಇನ್ನೂ ಬಹಳ ದಿನ ನೋಡಬೇಕು. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ ಅಂದುಕೊಳ್ಳಿ. ಬೇರೆ ಕಡೆ ಮಾಡಿಸಿಕೊಂಡು ಬಂದ ಒಂದಿಬ್ಬರನ್ನು ಆಮೇಲೆ ವಿಚಾರಿಸಿದೆ, ಅಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಹಾಗಾಗಿ ಹೆಸರಿಲ್ಲದಿದ್ದರೂ ಉಪಯೋಗಕ್ಕೆ ಬರುತ್ತೆ.

ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಅಂದರೆ ಅಸ್ಥಿಮಜ್ಜೆಯ ಈ ಕಣಗಳನ್ನು ಒಬ್ಬರಿಂದ ತಗೊಂಡು ಪೇಷೆಂಟಿಗೆ ಕೊಡುವ ಚಿಕಿತ್ಸೆ, ಅದರ ಬಗ್ಗೆ ಜನ ಬರೆದಿರುವ ರಿವ್ಯೂಗಳನ್ನು ಹೊರಡುವ ಮುಂಚೆ ನಾನು ಸಾಕಷ್ಟು ಓದಿದೆ. ಎಲ್ಲ ಪೇಷೆಂಟ್ ಕಡೆಯವರವು. ಡಾಕ್ಟರು ದೇವರು, ನರ್ಸು ತಾಯಿ, ಖರ್ಚು ಜಾಸ್ತಿ. ದಾನಿಯ ಜೊತೆ ಹೋದವರು ಬರೆದದ್ದು ಒಂದೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಕೆಲಸ ಹಂಚಿದಾಗ ನನಗೆ ಸಿಕ್ಕಿದ್ದು ಅದೇ. ಬಾಮೈದನನ್ನು ಅವನ ಹೆಂಡತಿ, ನಮ್ಮ ಅತ್ತೆ ನೋಡಿಕೊಳ್ಳುತ್ತಾರೆ. ಅವನಿಗೆ ಕೊಡುವ ಅಕ್ಕನನ್ನು, ಅಂದರೆ ನನ್ನ ಹೆಂಡತಿಯನ್ನು, ನಾನು ನೋಡಿಕೊಳ್ಳಬೇಕು. "ಅವಳಿಗೇನಾಗಿದೆ ನೋಡ್ಕೊಳಕ್ಕೆ, ಆರೋಗ್ಯವಾಗವ್ಳಲ್ಲ" ಅಂದವರೇ ಜಾಸ್ತಿ. ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಬಾಮೈದನಿಗೆ ಬಂದದ್ದು ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಕೀಮೋದಲ್ಲಿ ಹಿಡಿತಕ್ಕೆ ಬಂತು, ಆದರೆ ಮರುಕಳಿಸುವ ಸಾಧ್ಯತೆ ಇರುವ ಬಗೆ, ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದರು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಕಣಗಳ ಮೇಲಿನ ಗುರುತು ಹೊಂದುತ್ತಾ ಅಂತ ರಕ್ತ ತೆಗೆದು ನೋಡುತ್ತಾರೆ, ಅದಕ್ಕೆ ಎಚ್‌ಎಲ್‌ಎ ಟೆಸ್ಟ್ ಅನ್ನುತ್ತಾರೆ. ದೊಡ್ಡ ಬಾಮೈದನದು ಅರ್ಧ ಹೊಂದಿತು, ನಮ್ಮವಳದು ಪೂರ್ತಿ. ಇವಳ ಬ್ಲಡ್ ಗ್ರೂಪ್ ಓ ಪಾಸಿಟಿವ್, ಅವನದು ಬಿ ಪಾಸಿಟಿವ್. ಗುಂಪು ಬೇರೆ ಆಯ್ತಲ್ಲ, ಆಗಲ್ಲ ಅಂತ ನಮ್ಮ ಕಡೆ ಅರ್ಧ ಜನ ತೀರ್ಮಾನ ಮಾಡಿಬಿಟ್ಟಿದ್ದರು. ಇದಕ್ಕೆ ಬ್ಲಡ್ ಗ್ರೂಪ್ ಒಂದೇ ಇರಬೇಕಾಗಿಲ್ಲ. ಕೊಟ್ಟವರ ಗುಂಪೇ ತಗೊಂಡವರಿಗೂ ನಿಧಾನಕ್ಕೆ ಬರುತ್ತೆ. ಮನೆಯಲ್ಲಿ ಯಾರೂ ಹೊಂದದಿದ್ದರೆ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಥ ದಾನಿಗಳ ನೋಂದಣಿ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕುತ್ತಾರೆ. ನಮಗೆ ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ.

ಪ್ರಮೇಯ ಬಂದದ್ದು ನಮ್ಮ ಅಮ್ಮನ ಹತ್ತಿರ. "ನಮ್ಮನೆಗೆ ಬಂದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ. ಬೆನ್ನುಮೂಳೆಗೆ ಸೂಜಿ ಚುಚ್ತಾರಂತೆ, ಲಕ್ವ ಹೊಡೆದ್ರೆ ಯಾರಪ್ಪಾ ಗತಿ? ಎಲ್ಲಾ ಹೊಸ ಪ್ರಯೋಗ" ಅಂತ ಶುರುವಿಟ್ಟರು. ಹೊಸದೇನಲ್ಲ, ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲೇ ನಮ್ಮ ದೇಶದ ಮೊದಲನೆಯದು ಆಗಿದೆ, ನನಗಾಗ ಇನ್ನೂ ಸ್ಕೂಲಿಗೆ ಸೇರಿಸಿರಲಿಲ್ಲ ಅಂತ ಹೇಳಿದೆ. ಬೆನ್ನುಮೂಳೆಯ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಕೊಟ್ಟದ್ದು ಆಸ್ಪತ್ರೆಯ ಕೋಆರ್ಡಿನೇಟರ್.

ಆ ಹುಡುಗಿ ಚನ್ನರಾಯಪಟ್ಟಣದ ಕಡೆಯವಳು, ಮಾತು ಕೇಳಿದ ಕೂಡಲೇ ಗೊತ್ತಾಯ್ತು. ಒಂದು ಹಾಳೆ ತಗೊಂಡು ಸೊಂಟದ ಮೂಳೆ ಬರೆದಳು, ಬೆನ್ನುಹುರಿ ಬೇರೆ ಬಣ್ಣದಲ್ಲಿ ಬರೆದಳು, ಎರಡಕ್ಕೂ ಎಷ್ಟು ದೂರ ಅಂತ ತೋರಿಸಿದಳು. ಅಸ್ಥಿಮಜ್ಜೆಯನ್ನೇ ತೆಗೆಯುವುದಾದರೂ ತೆಗೆಯುವುದು ಸೊಂಟದ ಹಿಂಭಾಗದ ಮೂಳೆಯಿಂದ, ಅನಸ್ತೇಷಿಯಾ ಕೊಟ್ಟು. ಬೆನ್ನುಹುರಿಯ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಕೇಸಿನಲ್ಲಿ ಅದೂ ಇಲ್ಲ. ಮೂಳೆಯೊಳಗಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಬರುವ ಹಾಗೆ ಇಂಜೆಕ್ಷನ್ ಕೊಟ್ಟು, ಐದನೇ ದಿನ ಕೈಯ ನರದಿಂದಲೇ ಮೆಷಿನ್ ಮೂಲಕ ತೆಗೆಯುವುದು. ಆ ಹಾಳೆಯನ್ನು ಊರಿಗೆ ತಂದು ಅಮ್ಮನ ಮುಂದೆ ಇಟ್ಟೆ. ಅಮ್ಮ ಅದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಕೊಂಡು, ಬಂದು ಹೋದವರಿಗೆಲ್ಲ ತಾವೇ ಪಾಠ ಮಾಡಲು ಶುರು ಮಾಡಿದರು.

ಡಾಕ್ಟರ ವಿಷಯಕ್ಕೆ ಬರೋಣ. ನನಗೆ ಈ ಆಸ್ಪತ್ರೆಯ ಮೇಲೆ ಗೌರವ ಬಂದದ್ದು ಅಲ್ಲೇ. ದಾನಿಯನ್ನು ಪರೀಕ್ಷೆ ಮಾಡುವ ಡಾಕ್ಟರು ಬೇರೆ, ಬಾಮೈದನನ್ನು ನೋಡುವ ಡಾಕ್ಟರು ಬೇರೆ. ಬೇಕಂತಲೇ ಹಾಗೆ ಇಟ್ಟಿರುತ್ತಾರೆ. ಪೇಷೆಂಟನ್ನು ಉಳಿಸಬೇಕು ಅಂತ ಕೂತವರಿಗೆ ದಾನಿಯ ಸಣ್ಣಪುಟ್ಟ ತೊಂದರೆ ಕಣ್ಣಿಗೆ ಬೀಳದೆ ಹೋಗಬಹುದು. ಆ ಡಾಕ್ಟರು ನಮ್ಮನ್ನೆಲ್ಲ, ನಮ್ಮ ಅತ್ತೆಯವರನ್ನೂ ಸೇರಿಸಿ, ಆಚೆ ಕಳಿಸಿ ಇವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಏನು ಕೇಳಿದರು ಅಂತ ಇವಳು ನನಗೆ ಹೇಳಿದ್ದು ರಾತ್ರಿ, ಊರಿಗೆ ವಾಪಸ್ ಬರುವ ಟ್ರೈನಿನಲ್ಲಿ. "ನಿಮಗೆ ಮನಸ್ಸಿಲ್ಲದಿದ್ರೆ ಈಗಲೇ ಹೇಳಿ. ಮನೆಯವರಿಗೆ ನಾವು ಕಾರಣ ಹೇಳಲ್ಲ, ವೈದ್ಯಕೀಯವಾಗಿ ಇವರಿಂದ ಆಗಲ್ಲ ಅಂತಷ್ಟೇ ಹೇಳ್ತೀವಿ" ಅಂದರಂತೆ. "ಅಷ್ಟು ಹೇಳಿದ್ರಲ್ಲ ರೀ, ಆಗ್ಲೇ ನನಗೆ ಧೈರ್ಯ ಬಂತು" ಅಂದಳು. ಬೇಡ ಅನ್ನಲು ದಾರಿ ಇದೆ ಅಂತ ಗೊತ್ತಾದ ಮೇಲೆ ಒಪ್ಪುವುದು ಸುಲಭವಾಯ್ತೇನೋ.

ಬೇಡ ಅನ್ನಲು ಒಂದು ಗಡುವು ಇದೆ ಅಂತಲೂ ಅವರೇ ಹೇಳಿದರು. ಪೇಷೆಂಟಿಗೆ ಕಂಡೀಷನಿಂಗ್ ಅಂತ ಜೋರಾದ ಕೀಮೋ ಶುರುವಾದ ಮೇಲೆ ಅವನ ಸ್ವಂತ ಮಜ್ಜೆ ನಾಶವಾಗಿರುತ್ತೆ. ಆಮೇಲೆ ದಾನಿ ಹಿಂದೆ ಸರಿದರೆ ಅವನು ಉಳಿಯುವುದು ಕಷ್ಟ. ಹಾಗಾಗಿ ಅದು ಶುರುವಾಗುವ ಮುಂಚೆಯೇ ದಾನಿಯ ಎಲ್ಲ ಟೆಸ್ಟೂ ಮುಗಿದು ಸಹಿ ಆಗಿರಬೇಕು. ಎಚ್‌ಐವಿ, ಹೆಪಟೈಟಿಸ್, ಇಸಿಜಿ, ಎದೆಯ ಎಕ್ಸ್‌ರೇ, ಹೆಂಗಸರಿಗಾದರೆ ಗರ್ಭ ಇಲ್ಲವೆಂಬ ಟೆಸ್ಟು. ಅರ್ಧ ಅಂಕ ಕಡಿಮೆ ಮಾಡಿದ್ದು ಯಾಕೆ ಅಂದರೆ ಆ ಸಹಿ ಮಾಡುವ ಫಾರಂ ಪುಟಗಟ್ಟಲೆ ಇಂಗ್ಲಿಷಿನಲ್ಲಿತ್ತು. ಕೋಆರ್ಡಿನೇಟರ್ ಪಕ್ಕ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದಳು, ನಿಜ. ಆದರೆ ಅವಳು ರಜ ಹಾಕಿದ ದಿನ ಬಂದವರ ಪಾಡೇನು? ಕರ್ನಾಟಕದಲ್ಲಿರುವ ಆಸ್ಪತ್ರೆ, ಒಂದು ಕನ್ನಡ ಪ್ರತಿ ಪ್ರಿಂಟ್ ಹಾಕಿಸಿಡಲು ಏನು ಕಷ್ಟ?

ಇಂಜೆಕ್ಷನ್ ಶುರುವಾಗುವ ಹೊತ್ತಿಗೆ ನಾವು ಆಸ್ಪತ್ರೆ ಹಿಂದಿನ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದೆವು. ಪೇಷೆಂಟ್ ಕಡೆಯವರಿಗೇ ಅಂತ ಬಾಡಿಗೆಗೆ ಕೊಡುವ ಮನೆಗಳು ಅಲ್ಲಿ ಸಾಲಾಗಿ ಇವೆ. ಒಂದು ರೂಮು, ಗ್ಯಾಸ್ ಒಲೆ, ಎರಡು ಪಾತ್ರೆ, ದಿನಕ್ಕೆ 1,200 ರೂಪಾಯಿ. ಸಣ್ಣ ಫ್ರಿಜ್ ಇರುವುದನ್ನೇ ನೋಡಿ ಹಿಡಿಯಿರಿ. ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡುವಂತಿಲ್ಲ, ಫಾರ್ಮಸಿಯವರು ಒಮ್ಮೊಮ್ಮೆ ಮಾರನೇ ದಿನದ್ದನ್ನೂ ಇವತ್ತೇ ಕೈಗೆ ಕೊಟ್ಟುಬಿಡುತ್ತಾರೆ. ಮನೆ ಒಳ್ಳೆಯದೇ, ನಾಲ್ಕು ಸ್ಟಾರ್ ಕೊಡಬಹುದು. ಅಕ್ಕಪಕ್ಕದ ರೂಮಿನಲ್ಲೆಲ್ಲ ಪಶ್ಚಿಮ ಬಂಗಾಳದವರು, ಸಂಜೆಯಾದರೆ ಇಡೀ ಮಹಡಿ ಸಾಸಿವೆ ಎಣ್ಣೆ ಘಾಟು. ಇವಳಿಗೆ ಆ ದಿನಗಳಲ್ಲಿ ಆ ವಾಸನೆ ತಡೆಯಲು ಆಗುತ್ತಿರಲಿಲ್ಲ, ಅದೊಂದೇ ತಕರಾರು.

ಇಂಜೆಕ್ಷನ್ ಹೆಸರು ಫಿಲ್‌ಗ್ರಾಸ್ಟಿಮ್, ಜಿಸಿಎಸ್‌ಎಫ್ ಅಂತಲೂ ಕರೆಯುತ್ತಾರೆ. ತೂಕದ ಮೇಲೆ ಲೆಕ್ಕ, ಕೆಜಿಗೆ 10 ಮೈಕ್ರೋಗ್ರಾಂ. ಇವಳು 60 ಕೆಜಿ, ದಿನಕ್ಕೆ 600, ಅಂದರೆ 300ರವು ಎರಡು. ಚರ್ಮದ ಕೆಳಗೆ ಕೊಡುವುದು, ಹೊಟ್ಟೆಗೋ ತೋಳಿಗೋ. ಡೇ ಕೇರ್‌ನಲ್ಲಿ ಹಾಕಿಸಿಕೊಂಡು ಅರ್ಧ ಗಂಟೆ ಕೂತು ಬರುವುದು. ಮೊದಲನೇ ದಿನ ಏನೂ ಆಗಲಿಲ್ಲ, "ಇಷ್ಟೇನಾ" ಅಂದಳು.

ಮೂರನೇ ದಿನ ರಾತ್ರಿ ಗೊತ್ತಾಯ್ತು. ಸೊಂಟ, ಬೆನ್ನು, ಎದೆಯ ನಡುವಿನ ಮೂಳೆ, ತಲೆ. ಮೂಳೆಯೊಳಗಿಂದ ಯಾರೋ ಗುದ್ದುತ್ತಿದ್ದಾರೆ ಅಂದಳು. ಮಲಗಿದರೆ ಸೊಂಟ ನೋವು, ಕೂತರೆ ಬೆನ್ನು. ಮಜ್ಜೆ ಜೋರಾಗಿ ಕೆಲಸ ಮಾಡುತ್ತಿರುವುದರಿಂದ ಬರುವ ನೋವು ಅದು, ಬಹಳ ಜನಕ್ಕೆ ಬರುತ್ತಂತೆ. ಗಾಬರಿ ಬೇಡ. ಪ್ಯಾರಸಿಟಮಾಲ್ ಮಾತ್ರ ಕೊಡಿ ಅಂತ ಬರೆದುಕೊಟ್ಟಿದ್ದರು. ಆಸ್ಪಿರಿನ್, ಬ್ರೂಫೆನ್ ಇವನ್ನು ಅವರನ್ನು ಕೇಳದೆ ಕೊಡಬಾರದು, ರಕ್ತ ಹೆಪ್ಪುಗಟ್ಟುವುದಕ್ಕೆ ತೊಂದರೆಯಾಗುತ್ತೆ. ನಮ್ಮ ಅತ್ತೆಯವರ ಚೀಲದಲ್ಲಿ ಮಂಡಿನೋವಿಗೆ ಅಂತ ಬ್ರೂಫೆನ್ ಸದಾ ಇರುತ್ತೆ. ಮಗಳ ಸಂಕಟ ನೋಡಲಾರದೆ ಅದನ್ನೇ ತೆಗೆದರು, ನಾನು ಕೈ ಹಿಡಿದು ತಡೆದೆ. ಬಿಸಿನೀರಿನ ಬ್ಯಾಗು ಸೊಂಟಕ್ಕೆ ಇಟ್ಟರೆ ಸ್ವಲ್ಪ ಹಾಯ್ ಅನ್ನಿಸುತ್ತಿತ್ತು.

ಒಂದೇ ಒಂದು ನೋವಿಗೆ ಮಾತ್ರ ಕಾಯಬೇಡಿ ಅಂತ ಡಾಕ್ಟರು ಬೆರಳಿಟ್ಟು ತೋರಿಸಿದ್ದರು: ಎಡಗಡೆ ಪಕ್ಕೆಯ ಕೆಳಗೆ, ಅಥವಾ ಎಡ ಭುಜದ ತುದಿಯಲ್ಲಿ. ಈ ಇಂಜೆಕ್ಷನ್‌ಗೆ ಗುಲ್ಮ ಅಂದರೆ ಸ್ಪ್ಲೀನ್ ಊದಿಕೊಳ್ಳುತ್ತೆ, ಬಹಳ ಅಪರೂಪಕ್ಕೆ ಒಡೆಯುವುದೂ ಉಂಟು. ಅಲ್ಲಿ ನೋವು ಬಂದರೆ ಎಷ್ಟು ಹೊತ್ತಾದರೂ ಫೋನ್ ಮಾಡಿ, ಭಾರ ಎತ್ತಬೇಡಿ, ಬೀಳುವಂಥ ಕೆಲಸ ಬೇಡ. ಆ ವಾರ ನೀರಿನ ಕ್ಯಾನು ನಾನೇ ಎತ್ತಿದೆ, ಅಡುಗೆ ನಾನೇ ಮಾಡಿದೆ. ಮುದ್ದೆ ಮೊದಲನೇ ದಿನ ಗಂಟುಗಂಟಾಗಿತ್ತು, ಸುಮ್ಮನೆ ತಿಂದಳು. ಅದನ್ನೂ ಅವಳ ತ್ಯಾಗದ ಲೆಕ್ಕಕ್ಕೇ ಸೇರಿಸಿ.

ನಾಲ್ಕನೇ ದಿನ ರಕ್ತ ಪರೀಕ್ಷೆಯ ರಿಪೋರ್ಟ್ ಮೊಬೈಲಿಗೆ ಬಂತು. ಬಿಳಿ ರಕ್ತಕಣ 43,000. ಮಾಮೂಲಿಯಾಗಿ 11,000ದ ಒಳಗೆ ಇರಬೇಕಾದದ್ದು. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಹೆಚ್ಚು ಅನ್ನುವ ಗುರುತು. ಬಾಮೈದನ ಕಾಯಿಲೆ ಮೊದಲು ಗೊತ್ತಾದದ್ದೂ ಇಂಥದ್ದೇ ಒಂದು ರಿಪೋರ್ಟಿನಿಂದ, ಇದೇ ಸಾಲು, ಇದೇ ಕೆಂಪಕ್ಷರ. ನಮ್ಮ ಅತ್ತೆ ಅದನ್ನು ನೋಡಿ ಗೋಡೆ ಹಿಡಿದು ಕೂತುಬಿಟ್ಟರು. "ಇವಳಿಗೂ ಬಂತಾ ಅಳಿಯಂದ್ರೆ?" ಅಂದರು. ಇಂಜೆಕ್ಷನ್ ಕೆಲಸ ಮಾಡುತ್ತಿದೆ ಅಂತ ಅರ್ಥ, ನಿಲ್ಲಿಸಿದ ಮೇಲೆ ತಾನೇ ಇಳಿಯುತ್ತೆ ಅಂತ ಕೋಆರ್ಡಿನೇಟರ್ ಫೋನಿನಲ್ಲಿ ಹೇಳಿ ಸಮಾಧಾನ ಮಾಡಿದಳು. ಆಸ್ಪತ್ರೆಯವರಿಗೆ ನನ್ನ ಒಂದು ಕೋರಿಕೆ: ದಾನಿಯ ರಿಪೋರ್ಟ್ ಕಳಿಸುವಾಗ ಅದರ ಜೊತೆಗೇ ಎರಡು ಸಾಲು ಕಳಿಸಿ. ಇಂಥ ಮನೆಗಳಲ್ಲಿ ಎಲ್ಲರಿಗೂ ಆ ನಂಬರು ಓದಲು ಬರುತ್ತೆ, ಅದೇ ತೊಂದರೆ.

ತೆಗೆಯುವ ದಿನ. ಅಫೆರೆಸಿಸ್ ಅನ್ನುತ್ತಾರೆ. ಬೆಳಗಿನ ಜಾವವೇ ಐದನೇ ದಿನದ ಇಂಜೆಕ್ಷನ್ ಆಗಿ, ರಕ್ತದಲ್ಲಿ ಸ್ಟೆಮ್ ಸೆಲ್ ಎಷ್ಟಿವೆ ಅಂತ ಸಿಡಿ34 ಟೆಸ್ಟಿಗೆ ಕಳಿಸಿ, ನಂಬರು ಸಾಕಷ್ಟು ಬಂದ ಮೇಲೆ ಮೆಷಿನ್‌ಗೆ ಹಾಕಿದರು. ಒಂದು ಕೈಯಿಂದ ರಕ್ತ ಹೊರಗೆ ಬಂದು, ಮೆಷಿನ್ ಅದನ್ನು ಗಿರಗಿರ ತಿರುಗಿಸಿ ಬೇಕಾದ ಕಣ ಬೇರೆ ಮಾಡಿ, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸ್ ಕಳಿಸುತ್ತೆ. ಮೈಯಲ್ಲಿರುವ ರಕ್ತ ಪೂರ್ತಿ ಎರಡು ಮೂರು ಸಲ ಆ ಮೆಷಿನ್ ಸುತ್ತಿ ಬರುತ್ತೆ. ಅದಕ್ಕೇ ನಾಲ್ಕರಿಂದ ಆರು ಗಂಟೆ ಬೇಕು. ಕೈಯ ನರ ಸಣ್ಣದಿದ್ದರೆ ಕತ್ತಿಗೋ ತೊಡೆ ಸಂದಿಗೋ ಲೈನ್ ಹಾಕಬೇಕಾಗುತ್ತೆ ಅಂತ ಮೊದಲೇ ಹೇಳಿ ನರ ಪರೀಕ್ಷೆ ಮಾಡಿದ್ದರು. ಇವಳಿಗೆ ಕೈಯಲ್ಲೇ ಸಿಕ್ಕಿತು. ಸೂಜಿ ಮಾತ್ರ ಮಾಮೂಲಿ ರಕ್ತ ಪರೀಕ್ಷೆಯದ್ದಕ್ಕಿಂತ ದಪ್ಪ.

ಐದಕ್ಕೆ ಐದು ಕೊಟ್ಟದ್ದು ಈ ಕೋಣೆಗೆ. ಟೆಕ್ನಿಷಿಯನ್ ವಿಜಯಪುರದ ಕಡೆಯ ಹುಡುಗ. ಅಷ್ಟು ಹೊತ್ತೂ ಕೋಣೆ ಬಿಟ್ಟು ಕದಲಲಿಲ್ಲ. ಮೆಷಿನ್ನಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ಅನ್ನುವ ದ್ರವ ಸೇರಿಸುತ್ತಾರೆ. ಅದು ಮೈಗೆ ಹೋದರೆ ರಕ್ತದಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಅದರ ಮೊದಲ ಸೂಚನೆ, ಬಿಟ್ಟರೆ ಸ್ನಾಯು ಸೆಟೆದುಕೊಳ್ಳುತ್ತೆ. ಆ ಹುಡುಗ ಸ್ವಲ್ಪ ಹೊತ್ತಿಗೊಮ್ಮೆ ಬಗ್ಗಿ ಕೇಳುವುದು: "ಅಕ್ಕಾರ, ತುಟಿ ಜುಮ್ ಅನ್ನಾಕತ್ತಾವೇನ್ರೀ?" ಇವಳು ಮೊದಲು ಇಲ್ಲ ಇಲ್ಲ ಅಂದಳು. ನಮ್ಮ ಹೆಂಗಸರಿಗೆ ತೊಂದರೆ ಕೊಡಬಾರದು ಅನ್ನುವ ಒಂದು ಚಟ. ಅವನು ಅವಳ ಮುಖ ನೋಡಿಯೇ ಗೊತ್ತು ಮಾಡಿಕೊಂಡ, ಮೆಷಿನ್ ವೇಗ ಇಳಿಸಿದ, ನರ್ಸ್‌ಗೆ ಹೇಳಿ ಕ್ಯಾಲ್ಸಿಯಂ ಡ್ರಿಪ್ ಸ್ವಲ್ಪ ಜಾಸ್ತಿ ಮಾಡಿಸಿದ. "ಹೇಳ್ರಿ ಅಕ್ಕಾರ, ಸುಮ್ಮ ಇದ್ರ ನಮಗ ತ್ರಾಸ" ಅಂದ. ಆಮೇಲೆ ಹೇಳತೊಡಗಿದಳು.

ಜೊತೆಗೆ ಹೋದವರ ಕೆಲಸ ಏನು ಅಂತ ಕೇಳುವವರಿಗೆ: ಎರಡು ಕೈಯನ್ನೂ ಮಡಿಸುವಂತಿಲ್ಲ. ಮೂಗು ತುರಿಸಿದರೆ ನೀವು ಕೆರೆಯಬೇಕು. ಕನ್ನಡಕ ಜಾರಿದರೆ ನೀವು ಏರಿಸಬೇಕು. ನೀರಿಗೆ ಸ್ಟ್ರಾ ಹಿಡಿಯಬೇಕು, ಬಾಳೆಹಣ್ಣು ತುಂಡು ಮಾಡಿ ಬಾಯಿಗೆ ಇಡಬೇಕು. ಮಕ್ಕಳ ಫೋನ್ ಬಂದರೆ ಕಿವಿಗೆ ಹಿಡಿಯಬೇಕು. ಬಾತ್‌ರೂಮಿಗೆ ಎದ್ದು ಹೋಗುವ ಹಾಗಿಲ್ಲ, ಬೆಡ್‌ಪ್ಯಾನ್ ಕೊಡುತ್ತಾರೆ. ಅದಕ್ಕೆ ಇವಳು ಮುಜುಗರಪಟ್ಟು ಬೆಳಗ್ಗೆಯಿಂದ ನೀರೇ ಕುಡಿದಿರಲಿಲ್ಲ. ನರ್ಸಮ್ಮ ಬೈದು ಕುಡಿಸಿದರು, ನೀರು ಕಡಿಮೆಯಾದರೆ ನರ ಕುಗ್ಗಿ ಮೆಷಿನ್ ನಿಂತು ನಿಂತು ಹೋಗುತ್ತಂತೆ. ಪರದೆ ಎಳೆದು, ಟೆಕ್ನಿಷಿಯನ್ನನ್ನು ಆಚೆ ನಿಲ್ಲಿಸಿ, ಎಲ್ಲ ಮರ್ಯಾದೆಯಿಂದ ಮಾಡಿದರು. ಮೆಷಿನ್‌ಗೆ ಸುತ್ತಿ ಬರುವ ರಕ್ತ ತಣ್ಣಗಾಗಿರುತ್ತೆ, ಚಳಿ ಹಿಡಿಯುತ್ತೆ, ಮೊಣಕಾಲಿನ ತನಕ ಬರುವ ಕಾಲುಚೀಲ ತಗೊಂಡು ಹೋಗಿ. ಮುಂದೆ ಗುಂಡಿ ಇರುವ, ತೋಳು ಸಡಿಲವಾದ ಬಟ್ಟೆ ಹಾಕಿಸಿ.

ಕೊನೆಗೆ ಒಂದು ಸಣ್ಣ ಚೀಲ ತುಂಬಿತು, ಕಾಲು ಲೀಟರಿನಷ್ಟು. ಟೊಮೆಟೊ ಸಾರಿನ ಬಣ್ಣ. ಇಷ್ಟಕ್ಕಾ ಇಷ್ಟೆಲ್ಲ ಅನ್ನಿಸಿತು. ಸಂಜೆ ಲೆಕ್ಕ ಬಂತು. ಬಾಮೈದನ ತೂಕದ ಕೆಜಿಗೆ 50 ಲಕ್ಷ ಕಣ ಗುರಿ ಇಟ್ಟುಕೊಂಡಿದ್ದರು, ಅದಕ್ಕಿಂತ ಜಾಸ್ತಿಯೇ ಬಂದಿತ್ತು, ಎರಡನೇ ದಿನ ಮೆಷಿನ್ ಹತ್ತುವುದು ತಪ್ಪಿತು. ಕೆಲವರಿಗೆ ಎರಡು ದಿನ ಬೇಕಾಗುತ್ತೆ, ರೂಮು ಒಂದು ದಿನ ಹೆಚ್ಚಿಗೆ ಹಿಡಿದಿರಿ.

ಇಲ್ಲಿಂದ ಮುಂದೆ ಬೈಗುಳ.

ಚೀಲ ಮೇಲಿನ ಮಹಡಿಗೆ ಹೋಯ್ತು. ಅದರ ಹಿಂದೆಯೇ ಎಲ್ಲರ ಗಮನವೂ ಹೋಯ್ತು. ಟೆಕ್ನಿಷಿಯನ್‌ನ ಕೆಲಸ ಮುಗಿದಿತ್ತು, ಡೇ ಕೇರ್ ಶಿಫ್ಟ್ ಬದಲಾಯ್ತು, ಹೊಸದಾಗಿ ಬಂದ ಸಿಸ್ಟರ್ ಬೆಡ್ ಖಾಲಿ ಮಾಡಿ ಅಂದರು. ಇವಳಿಗೆ ಎದ್ದು ನಿಂತರೆ ತಲೆಸುತ್ತು. ಮೆಷಿನ್ ಪ್ಲೇಟ್‌ಲೆಟ್‌ಗಳನ್ನೂ ಸೇರಿಸಿ ತೆಗೆದಿರುತ್ತೆ, ಅವು ಅರ್ಧದಷ್ಟು ಇಳಿದಿದ್ದವು. ವಾರ ಹತ್ತು ದಿನದಲ್ಲಿ ಸರಿಹೋಗುವಂಥದ್ದೇ, ಆದರೂ ಅವತ್ತು ಸಂಜೆ ಅವಳು ಗಟ್ಟಿಯಾಗಿರಲಿಲ್ಲ. ವೀಲ್‌ಚೇರ್ ಕೇಳಿದೆ. "ಪೇಷೆಂಟ್ ಐಡಿ ಹೇಳಿ" ಅಂದರು. ಹೇಳಿದೆ. "ಇದು ಮೇಲಿರೋ ಪೇಷೆಂಟ್‌ದು ಸಾರ್, ಅವರಿಗೆ ಬೇಕಾ?" ಅಂದರು. ಇವಳು ಅಡ್ಮಿಟ್ ಆದವಳಲ್ಲ, ಔಟ್‌ಪೇಷೆಂಟೂ ಅಲ್ಲ, ಅವರ ಕಂಪ್ಯೂಟರಿನಲ್ಲಿ ಬಾಮೈದನ ಹೆಸರಿನ ಕೆಳಗೆ ಒಂದು ಸಾಲು. ಕೊನೆಗೆ ಹೌಸ್‌ಕೀಪಿಂಗ್‌ನ ಒಬ್ಬ ಆಯಮ್ಮ ಯಾರನ್ನೂ ಕೇಳದೆ ಎಲ್ಲಿಂದಲೋ ಒಂದು ವೀಲ್‌ಚೇರ್ ತಳ್ಳಿಕೊಂಡು ಬಂದರು. ಆಯಮ್ಮನಿಗೆ ಹತ್ತಕ್ಕೆ ಹತ್ತು.

ಪಾಸಿನ ಕಥೆಯೂ ಅದೇ. ಒಬ್ಬ ಪೇಷೆಂಟಿಗೆ ಒಬ್ಬ ಅಟೆಂಡರ್, ಒಂದು ಪಾಸು. ಅದು ಬಾಮೈದನ ಹೆಂಡತಿಯ ಕೊರಳಲ್ಲಿತ್ತು. ದಾನಿ ಪೇಷೆಂಟ್ ಅಲ್ಲ, ಹಾಗಾಗಿ ದಾನಿಯ ಅಟೆಂಡರ್ ಅನ್ನುವ ಜಾತಿಯೇ ಅವರಲ್ಲಿಲ್ಲ. ದಿನಾ ಬೆಳಗ್ಗೆ ಗೇಟಿನಲ್ಲಿ ಇಂಜೆಕ್ಷನ್ ಚೀಟಿ ತೋರಿಸಿ ವಾದ ಮಾಡಿ ಒಳಗೆ ಹೋಗಬೇಕಿತ್ತು. ಸೆಕ್ಯುರಿಟಿಯವರದ್ದು ತಪ್ಪಲ್ಲ, ಅವರಿಗೆ ಕೊಟ್ಟಿರುವ ನಿಯಮವೇ ಹಾಗೆ. ಮೂಳೆ ನೋವಿನಲ್ಲಿರುವ ಹೆಂಗಸನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಆ ವಾದ ಮಾಡಿದವರಿಗೇ ಗೊತ್ತು.

ಬಿಲ್ಲು. ಲೆಕ್ಕ ಬರೆಯುವುದೇ ನನ್ನ ಕಸುಬು, ಅಲ್ಲಿ ನನ್ನನ್ನು ಏಮಾರಿಸಲು ಆಗಲಿಲ್ಲ. ಟ್ರಾನ್ಸ್‌ಪ್ಲಾಂಟ್ ಪ್ಯಾಕೇಜಿನಲ್ಲಿ ದಾನಿಯ ಇಂಜೆಕ್ಷನ್ನೂ ಅಫೆರೆಸಿಸ್ಸೂ ಸೇರಿವೆ ಅಂತ ಮೊದಲು ಬಾಯಲ್ಲಿ ಹೇಳಿದ್ದರು. ಬರವಣಿಗೆಯಲ್ಲಿ ಕೊಡಿ ಅಂತ ನಾನು ಮೇಲ್ ಹಾಕಿಸಿಕೊಂಡಿದ್ದೆ. ಆದರೂ ಇಂಜೆಕ್ಷನ್ ದುಡ್ಡು ಫಾರ್ಮಸಿ ಬಿಲ್ಲಿನಲ್ಲಿ ಬೇರೆ ಬಂತು. ಮೇಲ್ ತೋರಿಸಿದ ಮೇಲೆ ಮೂರು ಕೌಂಟರ್ ತಿರುಗಿಸಿ ತೆಗೆದರು. ದಾನಿಯಾಗಲು ಯೋಗ್ಯಳೋ ಇಲ್ಲವೋ ಅಂತ ಮಾಡಿದ ಮೊದಲಿನ ಟೆಸ್ಟುಗಳ ಖರ್ಚು ಪ್ಯಾಕೇಜಿಗೂ ಸೇರಲಿಲ್ಲ, ಬಾಮೈದನ ಇನ್ಶೂರೆನ್ಸ್‌ನವರೂ ಕೊಡಲಿಲ್ಲ. ಅದು ನಮ್ಮ ಕೈಯಿಂದಲೇ ಹೋಯ್ತು. ನೀವು ಹೋಗುವುದಾದರೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಟೆಸ್ಟ್ ಯಾರ ಲೆಕ್ಕ, ಎರಡನೇ ದಿನ ಮೆಷಿನ್ ಹತ್ತಬೇಕಾದರೆ ಯಾರ ಲೆಕ್ಕ, ದಾನಿಗೆ ಏನಾದರೂ ತೊಂದರೆಯಾಗಿ ಅಡ್ಮಿಟ್ ಮಾಡಬೇಕಾದರೆ ಯಾರ ಲೆಕ್ಕ. ಮೂರನೆಯದನ್ನು ಕೇಳಲು ಸಂಕೋಚವಾಗುತ್ತೆ, ಕೇಳಿ.

ಊರಿಗೆ ಬಂದ ಮೇಲೆ ಮೂಳೆ ನೋವು ಎರಡೇ ದಿನದಲ್ಲಿ ಮಾಯ. ಸುಸ್ತು ಇನ್ನೊಂದು ವಾರ ಇತ್ತು. ಕೋಆರ್ಡಿನೇಟರ್ ತಾನಾಗಿಯೇ ಫೋನ್ ಮಾಡಿ ರಕ್ತ ಪರೀಕ್ಷೆ ಮಾಡಿಸಿ ಕಳಿಸಲು ಹೇಳಿದಳು, ತಿಪಟೂರಿನಲ್ಲೇ ಮಾಡಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಬಿಳಿಕಣ, ಪ್ಲೇಟ್‌ಲೆಟ್ ಎರಡೂ ತಮ್ಮ ಜಾಗಕ್ಕೆ ಬಂದಿದ್ದವು. ನೆಂಟರು ಮಾತ್ರ ಫೋನ್ ಮಾಡಿದರೆ "ತಮ್ಮ ಹೇಗಿದ್ದಾನೆ" ಅಂತ ಇವಳನ್ನು ಕೇಳುತ್ತಿದ್ದರು. "ನೀನು ಹೇಗಿದ್ದೀಯ" ಅಂತ ಕೇಳಿದ್ದು ಬಾಮೈದ, ಸೋಂಕು ತಗಲಬಾರದು ಅಂತ ಇಟ್ಟಿದ್ದ ಗಾಜಿನ ಕೋಣೆಯ ಒಳಗಿಂದ ವಿಡಿಯೋ ಕಾಲ್ ಮಾಡಿ, ಬಾಯಿ ತುಂಬ ಹುಣ್ಣು ಇಟ್ಟುಕೊಂಡು.

ಇವಳ ಕಣಗಳು ಅವನ ಮೈಯಲ್ಲಿ ಬೇರು ಹಿಡಿದುಕೊಂಡವು. ಆಮೇಲೆ ಒಂದು ದಿನ ಅಂಗೈ, ಅಂಗಾಲು ಕೆಂಪಾಗಿ ಮೈಯೆಲ್ಲ ದದ್ದು ಎದ್ದಿತು. ಜಿವಿಎಚ್‌ಡಿ ಅನ್ನುತ್ತಾರೆ. ಕೊಟ್ಟವರ ರಕ್ಷಣಾ ಕಣಗಳು ತಗೊಂಡವರ ಮೈಯನ್ನು ಪರಕೀಯ ಅಂತ ತಿಳಿದು ದಾಳಿ ಮಾಡುವುದು. ಇವಳಿಗೆ ಯಾರೋ ಅದನ್ನು ಅಷ್ಟೇ ಬಿಡಿಸಿ ಹೇಳಿಬಿಟ್ಟರು. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತವಳು ನಲ್ಲಿ ನಿಲ್ಲಿಸಿ, "ನಂದೇ ಅವನನ್ನ ಕಚ್ತಿರೋದು ಅಲ್ವೇನ್ರೀ?" ಅಂದಳು. ಏನು ಹೇಳಬೇಕೋ ತೋಚಲಿಲ್ಲ. ಮಾರನೇ ದಿನ ಆ ದಾನಿ ಡಾಕ್ಟರಿಗೇ ಫೋನ್ ಹಚ್ಚಿದೆ. ಕೆಲಸ ಮುಗಿದ ದಾನಿ ಅಂತ ತಳ್ಳಿಹಾಕಲಿಲ್ಲ ಅವರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಾಪಸ್ ಕರೆದು ಇವಳ ಜೊತೆ ಮಾತಾಡಿದರು. ಪೂರ್ತಿ ಹೊಂದಿದವರಲ್ಲೂ ಇದು ಬರುತ್ತೆ, ಸ್ಟೆರಾಯ್ಡ್ ಕೊಟ್ಟಿದ್ದೇವೆ, ಅದೇ ಕಣಗಳು ಉಳಿದ ಕ್ಯಾನ್ಸರನ್ನೂ ಬಿಡದೆ ಕೊಲ್ಲುತ್ತವೆ, ಅದಕ್ಕೇ ನಿಮ್ಮಿಂದ ತಗೊಂಡದ್ದು ಅಂದರಂತೆ. ದದ್ದು ಇಳಿಯಿತು. ಇವಳು ಮಾತ್ರ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಇಂಥದ್ದಕ್ಕೆ ಆಸ್ಪತ್ರೆಯಲ್ಲಿ ಕೌನ್ಸೆಲರ್ ಇದ್ದಾರೆ, ಆದರೆ ಅವರ ಪಟ್ಟಿಯಲ್ಲಿ ಇರುವುದು ಪೇಷೆಂಟ್ ಮತ್ತು ಪೇಷೆಂಟಿನ ಅಟೆಂಡರ್. ದಾನಿಯನ್ನೂ ಪಟ್ಟಿಗೆ ಸೇರಿಸಿ ಅಂತ ಫೀಡ್‌ಬ್ಯಾಕ್ ಫಾರಂನಲ್ಲಿ ಬರೆದೆ, ಪಾಸಿನ ವಿಷಯವನ್ನೂ ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಕಂಪ್ಯೂಟರ್ ಉತ್ತರ ಬಂತು, ಅಷ್ಟೇ.

ಮುಂದೆ ಯಾವಾಗಲಾದರೂ ಬೇಕಾದರೆ ಇವಳಿಂದ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಮತ್ತೆ ಕೇಳಬಹುದು ಅಂತ ಹೇಳಿದ್ದಾರೆ. ಕೇಳಿದರೆ ಇದೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀನಾ ಅಂದರೆ, ಹೋಗುತ್ತೀನಿ. ಆ ಡಾಕ್ಟರು, ಆ ವಿಜಯಪುರದ ಹುಡುಗ ಅಲ್ಲೇ ಇದ್ದಾರಾ ಅಂತ ಮೊದಲು ವಿಚಾರಿಸಿಕೊಂಡು, ಸಂಜೆ ಏಳರ ತನಕ ಬೆಡ್ ಕೊಡುತ್ತೀವಿ ಅಂತ ಮೇಲ್ ಹಾಕಿಸಿಕೊಂಡು.

ಕ್ಯಾಂಟೀನ್ ಹೇಗಿದೆ ಅಂತ ಕೇಳುವವರು ಕೇಳೇ ಕೇಳುತ್ತೀರಿ. ಇಡ್ಲಿ ಪರವಾಗಿಲ್ಲ, ಬೆಳಗ್ಗೆ ಒಂಬತ್ತರ ಒಳಗೆ ಹೋದರೆ. ಆಮೇಲೆ ಸಾಂಬಾರಿಗೆ ನೀರು ಬೀಳುತ್ತೆ. ಎದುರುಗಡೆ ರಸ್ತೆ ದಾಟಿದರೆ ಹಾಸನದವರೊಬ್ಬರ ಸಣ್ಣ ಹೋಟೆಲಿದೆ, ಮುದ್ದೆ, ಉಪ್ಸಾರು, ಕೇಳಿದರೆ ಖಾರ ಕಡಿಮೆ ಹಾಕಿ ಪಾರ್ಸೆಲ್ ಕಟ್ಟಿಕೊಡುತ್ತಾರೆ. ನನ್ನ ಗಂಟು ಮುದ್ದೆಯಿಂದ ಇವಳನ್ನು ಕಾಪಾಡಿದ್ದು ಅದೇ.